ಪ್ಯಾಕರ್ಸ್: ಶೇರುದಾರರು ಐದು ಲಕ್ಷ, ಡಿವಿಡೆಂಡ್ ಸೊನ್ನೆ

ನಮ್ಮ ಶಿರಸಿಯ ಟಿಎಸ್‌ಎಸ್, ಅಂದ್ರೆ ಅಡಿಕೆ ಬೆಳೆಗಾರರ ಸಹಕಾರಿ ಸೊಸೈಟಿ, ಹುಟ್ಟಿದ್ದು 1923ರಲ್ಲಿ. ಅದೇ ವರ್ಷ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಅನ್ನೋ ಊರಿನ ಜನ ತಲಾ 5 ಡಾಲರ್ ಶೇರು ಹಾಕಿ ಮುಳುಗ್ತಾ ಇದ್ದ ಒಂದು ಫುಟ್‌ಬಾಲ್ ಟೀಮನ್ನ ಮೇಲೆತ್ತಿದ್ರು. ಅದೇ ಗ್ರೀನ್ ಬೇ ಪ್ಯಾಕರ್ಸ್. ಫುಟ್‌ಬಾಲ್ ಅಂದ್ರೆ ಮೆಸ್ಸಿ ಆಡೋದಲ್ಲ ಮತ್ತೆ, ಹೆಲ್ಮೆಟ್ ಹಾಕ್ಕೊಂಡು ಎರಡೂ ತುದಿ ಚೂಪಾದ ಚೆಂಡು ಹಿಡ್ಕೊಂಡು ಓಡೋದು, ನಾಲ್ಕು ಚಾನ್ಸ್‌ನಲ್ಲಿ ಹತ್ತು ಗಜ ಮುಂದೆ ಹೋಗ್ಬೇಕು, ಆಗ್ಲಿಲ್ಲ ಅಂದ್ರೆ ಚೆಂಡು ಎದುರಿನವರಿಗೆ, ಇಷ್ಟು ಗೊತ್ತಿದ್ರೆ ಮುಂದಿನದು ಓದೋಕೆ ಸಾಕು. ಎನ್‌ಎಫ್‌ಎಲ್ ಅನ್ನೋ ಅವರ ಲೀಗ್‌ನಲ್ಲಿ 32 ಟೀಮು. 31ಕ್ಕೆ ದುಡ್ಡಿನ ಕುಳಗಳು ಮಾಲೀಕರು. ಒಂದಕ್ಕೆ ಮಾತ್ರ ಊರಿನ ಜನವೇ ಮಾಲೀಕರು.

ನಂಗೆ ಈ ಹುಚ್ಚು ಹಿಡಿಸಿದ್ದು ಮಿಲ್ವಾಕಿಯಲ್ಲಿರೋ ನಮ್ಮ ಅತ್ತೆ ಮಗ. ಇವರ ಪ್ಲೇಆಫ್ ಬರೋದು ಜನವರಿಲಿ, ಅಂದ್ರೆ ನಮ್ಮಲ್ಲಿ ಕೊನೆಕೊಯ್ಲು ಮುಗಿದು ರಾತ್ರಿ ಅಡಿಕೆ ಸುಲಿಯೋ ಹೊತ್ತು. ಮೆಟ್ಟುಗತ್ತಿ ಮುಂದೆ ಕೂತವರಿಗೆ ಏನಾದ್ರೂ ಕೇಳೋಕೆ ನೋಡೋಕೆ ಬೇಕಲ್ಲ, ಯಕ್ಷಗಾನದ ವಿಡಿಯೋ ಮುಗಿದ ಮೇಲೆ ನಾನು ಲ್ಯಾಪ್‌ಟಾಪ್‌ನಲ್ಲಿ ಇದನ್ನ ಹಾಕ್ತೀನಿ. ನೆಟ್ ಇದ್ರೆ.

ಶುರುವಿಂದ ಹೇಳ್ತೀನಿ. 1919ರಲ್ಲಿ ಕರ್ಲಿ ಲ್ಯಾಂಬೋ ಅನ್ನೋ ಹುಡುಗ ಕಾಲೇಜಿಗೆ ಹೋದವನು ಟಾನ್ಸಿಲ್ ಕಾಯಿಲೆ ಅಂತ ಊರಿಗೆ ವಾಪಸ್ ಬಂದು ಇಂಡಿಯನ್ ಪ್ಯಾಕಿಂಗ್ ಕಂಪನಿ ಅನ್ನೋ ಮಾಂಸ ಡಬ್ಬಿಗೆ ತುಂಬೋ ಕಂಪನಿಲಿ ಗುಮಾಸ್ತನಾಗಿ ಸೇರ್ಕೊಂಡಿದ್ದ. ಊರಿನ ಪೇಪರ್‌ನ ಜಾರ್ಜ್ ಕ್ಯಾಲ್ಹೌನ್ ಜೊತೆ ಸೇರಿ ಟೀಮ್ ಕಟ್ಟಿದ, ಜರ್ಸಿಗೆ ಕಂಪನಿ 500 ಡಾಲರ್ ಕೊಡ್ತು, ಅದಕ್ಕೇ ಪ್ಯಾಕರ್ಸ್ ಅನ್ನೋ ಹೆಸರು. ಕಂಪನಿ ಯಾವಾಗ್ಲೋ ಹೋಯ್ತು, ಹೆಸರು ಉಳೀತು. 1921ರಲ್ಲಿ ಲೀಗ್ ಸೇರಿದ್ರು, ಸೇರಿದ ವರ್ಷವೇ ಕಾಲೇಜ್ ಹುಡುಗರನ್ನ ಸುಳ್ಳು ಹೆಸರಲ್ಲಿ ಆಡಿಸಿ ಸಿಕ್ಕಿಬಿದ್ದು ಹೊರಗೂ ಬಿದ್ರು, ಮುಂದಿನ ವರ್ಷ ಲ್ಯಾಂಬೋ ದುಡ್ಡು ಕಟ್ಟಿ ವಾಪಸ್ ತಗೊಂಡ.

ಆಮೇಲೆ ಮಳೆ. ಮಳೆ ಬಂದು ಜನ ಬರ್ಲಿಲ್ಲ ಅಂದ್ರೆ ನಷ್ಟ ಆಗ್ಬಾರ್ದು ಅಂತ 1922ರಲ್ಲಿ ಒಂದು ಮ್ಯಾಚಿಗೆ ಇನ್ಶೂರೆನ್ಸ್ ಮಾಡ್ಸಿದ್ರಂತೆ. ಮಳೆ ಬಂತು, ಜನ ಬರ್ಲಿಲ್ಲ, ಕ್ಲೇಮ್ ಮಾಡೋಕೆ ಹೋದ್ರೆ ಅಳತೆಲಿ ಕೂದಲೆಳೆಯಷ್ಟು ಕಮ್ಮಿ, ದುಡ್ಡು ಬರಲ್ಲ ಅಂದ್ರಂತೆ. ಇದನ್ನ ಹೇಳಿದಾಗ ದೊಡ್ಡಪ್ಪ ಸುಲಿಯೋದು ನಿಲ್ಸಿ "ನಂಗಳ ಪಂಚಾಯ್ತಿ ಮಳೆ ಮಾಪಕ ಅಲ್ಲಿಗೂ ಹೋಗಿತ್ತಾ ಎಂತದ" ಅಂದ್ರು. ಬೆಳೆವಿಮೆ ಕಟ್ಟಿದವರಿಗೆ ಬಿಡಿಸಿ ಹೇಳೋದು ಬೇಡ.

ಸಾಲ ತಲೆ ಮೇಲೆ ಬಂದಾಗ ಊರಿನ ಪೇಪರ್‌ನ ಬಿಸಿನೆಸ್ ಮ್ಯಾನೇಜರ್ ಆಂಡ್ರ್ಯೂ ಟರ್ನ್‌ಬುಲ್ ಮುಂದೆ ನಿಂತು 1923ರಲ್ಲಿ ಟೀಮನ್ನ ಲಾಭ ಹಂಚದ ಕಂಪನಿ ಮಾಡಿದ್ರು, ಶೇರು ಮಾರಿದ್ರು. ಕಾಗದದಲ್ಲಿ ಸಹಕಾರಿ ಸಂಘ ಅಲ್ಲ, ಆದ್ರೆ ನೋಡೋಕೆ ಥೇಟ್ ಸೊಸೈಟಿನೇ. ಪ್ರತಿ ವರ್ಷ ಜುಲೈ ಹೊತ್ತಿಗೆ ಸ್ಟೇಡಿಯಂನಲ್ಲೇ ವಾರ್ಷಿಕ ಸಭೆ, ವರದಿ ಓದೋದು, 45 ಜನರ ನಿರ್ದೇಶಕ ಮಂಡಳಿ, ಅದರೊಳಗೆ ಏಳು ಜನರ ಎಕ್ಸಿಕ್ಯುಟಿವ್ ಕಮಿಟಿ, ಪ್ರೆಸಿಡೆಂಟ್‌ಗೆ ಬಿಟ್ರೆ ಯಾರಿಗೂ ಸಂಬಳ ಇಲ್ಲ. 1935ರಲ್ಲಿ ಮತ್ತೆ ಶೇರು ಮಾರಬೇಕಾಯ್ತು, ಯಾಕಂದ್ರೆ ಒಬ್ಬ ಪ್ರೇಕ್ಷಕ ಗ್ಯಾಲರಿಯಿಂದ ಬಿದ್ದು ಕೇಸ್ ಹಾಕಿ ಗೆದ್ದ, ಇನ್ಶೂರೆನ್ಸ್ ಕಂಪನಿ ಆಗ್ಲೇ ದಿವಾಳಿ (ಎರಡನೇ ಸಲ!), ಟೀಮು ಕೋರ್ಟು ನೇಮಿಸಿದ ರಿಸೀವರ್ ಕೈಗೆ ಹೋಗಿತ್ತು. 1950ರಲ್ಲಿ ಇನ್ನೊಂದು ಸಲ. ಅದಾದ್ಮೇಲೆ 1997, 2011, 2021ರ ಮಾರಾಟ. ಕೊನೇ ಸಲ ಒಂದು ಶೇರಿಗೆ 300 ಡಾಲರ್, ಆಗಿನ ಲೆಕ್ಕದಲ್ಲಿ ಇಪ್ಪತ್ತೆರಡು ಸಾವಿರ ರೂಪಾಯಿ ಮೇಲೆ, ಅಮೆರಿಕ ಕೆನಡಾದವರಿಗೆ ಮಾತ್ರ. ಈಗ ಶೇರುದಾರರು ಐದು ಲಕ್ಷದ ಮೇಲಿದ್ದಾರೆ.

ಡಿವಿಡೆಂಡ್ ಇಲ್ಲ. ಶೇರಿನ ಬೆಲೆ ಏರಲ್ಲ. ಯಾರಿಗೂ ಮಾರೋ ಹಾಗಿಲ್ಲ, ಮನೆಯವರ ಹೆಸರಿಗೆ ಮಾಡ್ಬಹುದು ಅಷ್ಟೆ. ಟಿಕೆಟ್ ಕೂಡ ಸಿಗಲ್ಲ ಅದರಿಂದ. "ಹಂಗಾರೆ ಅವು ಶೇರು ತಗಂಡಿದ್ದು ಎಂತಕ್ಕೆ?" ಅಂತ ದೊಡ್ಡಪ್ಪ ಕೇಳಿದ್ರು. ವೋಟು ಹಾಕ್ಬಹುದು ಅಂದೆ. ಅಷ್ಟಕ್ಕೇ ಇಪ್ಪತ್ತೆರಡು ಸಾವಿರವಾ ಅಂತ ಅವರಿಗೆ ಇವತ್ತಿಗೂ ಸಮಾಧಾನ ಇಲ್ಲ. ಟೀಮು ಮಾರಿದ್ರೂ ಶೇರುದಾರರಿಗೆ ದುಡ್ಡು ಬರಲ್ಲ, ಮೊದಲು ಅದು ಮಾಜಿ ಸೈನಿಕರ ಸಂಘಕ್ಕೆ ಹೋಗ್ಬೇಕು ಅಂತ ಬರೆದಿಟ್ಟಿದ್ರು, 1997ರಲ್ಲಿ ತಿದ್ದಿ ಪ್ಯಾಕರ್ಸ್ ಫೌಂಡೇಶನ್‌ಗೆ ಅಂತ ಮಾಡಿದ್ರು. ಮಾರಿ ಯಾರಿಗೂ ಲಾಭ ಇಲ್ಲ ಅಂದ್ಮೇಲೆ ಯಾರು ಮಾರ್ತಾರೆ? ಆ ಕಾಲದಲ್ಲಿ ಇಂಥ ಸಣ್ಣ ಊರಿನ ಟೀಮು ಬೇಕಾದಷ್ಟಿದ್ವು. ಡಿಕೇಟರ್‌ನದು ಶಿಕಾಗೋಗೆ ಹೋಗಿ ಬೇರ್ಸ್ ಆಯ್ತು, ಪೋರ್ಟ್ಸ್‌ಮತ್‌ನದು 1934ರಲ್ಲಿ ಡೆಟ್ರಾಯಿಟ್‌ಗೆ ಹೋಗಿ ಲಯನ್ಸ್ ಆಯ್ತು, ಕ್ಯಾಂಟನ್‌ನದು ಪೂರ್ತಿ ಮುಳುಗೋಯ್ತು. ಗ್ರೀನ್ ಬೇ ಜನಸಂಖ್ಯೆ ಇವತ್ತಿಗೂ 1,07,000 ಆಸುಪಾಸು, ಸ್ಟೇಡಿಯಂ ಸೀಟು 81,441. ಊರಿನ ಮುಕ್ಕಾಲು ಜನ ಒಂದೇ ಸಲ ಒಳಗೆ ಕೂರಬಹುದು, ಆದ್ರೂ ಸೀಸನ್ ಟಿಕೆಟ್ಟು 1960ರಿಂದ ಪೂರ್ತಿ ಸೋಲ್ಡ್ ಔಟ್, ಒಂದು ಲಕ್ಷಕ್ಕಿಂತ ಹೆಚ್ಚು ಜನ ವೇಟಿಂಗ್ ಲಿಸ್ಟಲ್ಲಿ ದಶಕಗಟ್ಟಲೆ ಕಾಯ್ತಾರೆ. ಹಿಮ ಬಿದ್ರೆ ಟೀಮ್‌ನವರು ಬನ್ನಿ ಗುದ್ದಲಿ ಹಿಡೀರಿ ಅಂತ ಕರೀತಾರೆ, ಗಂಟೆಗಿಷ್ಟು ಅಂತ ಕೂಲಿ, ಜನ ಬೆಳಕು ಹರಿಯೋದ್ರೊಳಗೆ ಕ್ಯೂ.

ಇಲ್ಲಿವರೆಗಿನದು ಎಲ್ಲರೂ ಹೇಳೋ ಕಥೆ, ಕೇಳೋಕೆ ಚೆಂದ. ಜನರ ಟೀಮು, ಅದಕ್ಕೇ ಗೆದ್ದಿತು ಅಂತ. ಈ 'ಅದಕ್ಕೇ' ಅನ್ನೋದು ನಂಗೆ ಒಪ್ಪಿಗೆ ಇಲ್ಲ. ಜನ ಮಾಲೀಕರಾಗಿದ್ದಕ್ಕೆ ಟೀಮು ಊರು ಬಿಟ್ಟು ಹೋಗ್ಲಿಲ್ಲ, ಅದು ನಿಜ. ಗೆದ್ದಿದ್ದು ಮಾತ್ರ ಕಮಿಟಿಯವರು ಕೈ ಹಿಂದೆ ತಗೊಂಡಾಗಷ್ಟೆ.

ನೋಡಿ, ಲ್ಯಾಂಬೋ ಇದ್ದಾಗ ಅವನೇ ಎಲ್ಲ. 1929, 30, 31 ಸತತ ಮೂರು ಚಾಂಪಿಯನ್‌ಶಿಪ್, ಆಮೇಲೆ 1936, 39, 44. ಆರು. 1940ರ ದಶಕದ ಕೊನೆಗೆ ಅವನ ಆಟವೂ ಹಳೇದಾಯ್ತು, ಖರ್ಚೂ ಜಾಸ್ತಿ ಆಯ್ತು, 1946ರಲ್ಲಿ ಊರಾಚೆ ರಾಕ್‌ವುಡ್ ಲಾಡ್ಜ್ ಅಂತ ದೊಡ್ಡ ಬಂಗಲೆ ತಗೊಂಡು ಆಟಗಾರರನ್ನ ಅಲ್ಲಿ ಇರಿಸಿದ, ಕಮಿಟಿಯವರಿಗೆ ಉರೀತು. 1950ರ ಜನವರಿಲಿ ಆ ಬಂಗಲೆಗೆ ಬೆಂಕಿ ಬಿತ್ತು, ಈ ಸಲ ಇನ್ಶೂರೆನ್ಸ್ ದುಡ್ಡು ಬಂತು ನೋಡಿ, ಟೀಮಿಗೆ ಉಸಿರು ಬಂತು. ಅದಾಗಿ ಹೆಚ್ಚುಕಮ್ಮಿ ಒಂದು ವಾರಕ್ಕೆ ಲ್ಯಾಂಬೋ ರಾಜೀನಾಮೆ ಕೊಟ್ಟು ಶಿಕಾಗೋ ಕಾರ್ಡಿನಲ್ಸ್‌ಗೆ ಹೋದ.

ಆಮೇಲೆ ಕಮಿಟಿ ಆಳ್ವಿಕೆ. ಕೋಚ್ ಬರೋದು ಹೋಗೋದು, ಅಂಗಡಿಯವರು, ವಕೀಲರು, ಬ್ಯಾಂಕಿನವರು ಸೇರಿ ಯಾಕೆ ಆ ಆಟ ಆಡಿಸ್ದೆ ಯಾಕೆ ಇವನನ್ನ ಇಳಿಸ್ದೆ ಅಂತ ಕೋಚ್‌ನ ಕೂರಿಸ್ಕೊಂಡು ಕೇಳೋದು. ಎಲ್ಲರೂ ಒಳ್ಳೇ ಜನವೇ, ಊರಿಗೆ ಬೇಕಾದವರೇ, ಸಮಸ್ಯೆನೇ ಅದು. ಸೊಸೈಟಿ ಸಭೆಗೆ ಹೋಗಿ ಕೂತವರಿಗೆ ಈ ಸೀನ್ ಕಣ್ಣಿಗೆ ಕಟ್ಟುತ್ತೆ. 1958ರಲ್ಲಿ 12 ಮ್ಯಾಚಲ್ಲಿ ಗೆದ್ದಿದ್ದು 1, ಡ್ರಾ 1, ಸೋತಿದ್ದು 10.

1959ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನಲ್ಲಿ ಅಸಿಸ್ಟೆಂಟ್ ಆಗಿದ್ದ ವಿನ್ಸ್ ಲೊಂಬಾರ್ಡಿಯನ್ನ ಕರೆಸಿದ್ರು. ಅವರು ಕೋಚ್ ಕೆಲಸ, ಜನರಲ್ ಮ್ಯಾನೇಜರ್ ಕೆಲಸ ಎರಡೂ ನಂಗೇ ಕೊಡಿ, ಪೂರ್ತಿ ಅಧಿಕಾರ ನಂದು ಅಂತ ಷರತ್ತು ಹಾಕಿ ಬಂದ್ರು, ಬೇರೆ ದಾರಿ ಇಲ್ದೆ ಕಮಿಟಿ ಒಪ್ತು. ಆಟಗಾರರು ಬಹುಪಾಲು ಹಳಬರೇ! ಆ 1958ರ ಟೀಮಲ್ಲೇ ಬಾರ್ಟ್ ಸ್ಟಾರ್ ಇದ್ದ, 1956ರ ಡ್ರಾಫ್ಟ್‌ನಲ್ಲಿ, ಅಂದ್ರೆ ಕಾಲೇಜಿಂದ ಬರೋ ಹೊಸ ಹುಡುಗರನ್ನ ಟೀಮುಗಳು ಸರದಿ ಪ್ರಕಾರ ಆರಿಸ್ಕೊಳ್ಳುವಾಗ, 17ನೇ ರೌಂಡಲ್ಲಿ ಯಾರಿಗೂ ಬೇಡವಾಗಿ ಬಂದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸೋನು). ಮೊದಲ ವರ್ಷವೇ 7 ಗೆಲುವು 5 ಸೋಲು, ಎರಡನೇ ವರ್ಷ ಫೈನಲ್‌ನಲ್ಲಿ ಸೋತ್ರು, ಆಮೇಲೆ 1961, 62, 65, 66, 67 ಐದು ಚಾಂಪಿಯನ್‌ಶಿಪ್, ಆಗ ಹೊಸದಾಗಿ ಶುರುವಾದ ಮಹಾಫೈನಲ್ ಸೂಪರ್ ಬೌಲ್, ಅದರ ಮೊದಲ ಎರಡು ಕೂಡ ಇವರದ್ದೇ. 1967ರ ಡಿಸೆಂಬರ್ 31ರಂದು ಡಲ್ಲಾಸ್ ಕೌಬಾಯ್ಸ್ ಜೊತೆ ಆಡಿದ ಐಸ್ ಬೌಲ್ ಅಂತೂ ಯೂಟ್ಯೂಬ್‌ನಲ್ಲಿ ಸಿಗೋ ತುಣುಕು ನೋಡ್ಲೇಬೇಕು, ಮೈನಸ್ 25 ಡಿಗ್ರಿ ಸೆಲ್ಸಿಯಸ್, ಮೈದಾನದ ಅಡಿ ಹಾಕಿದ್ದ ಹೀಟರ್ ಕೈಕೊಟ್ಟು ನೆಲ ಕಲ್ಲಾಗಿತ್ತು, ರೆಫರಿ ಸೀಟಿ ಊದೋ ಹಾಗಿರ್ಲಿಲ್ಲ, ಬಾಯಿ ಕೂಗಿ ನಿಲ್ಸಿದ್ರು. 16 ಸೆಕೆಂಡ್ ಉಳಿದಿದೆ, ಮೂರು ಪಾಯಿಂಟ್ ಹಿಂದೆ, ಟೈಮ್‌ಔಟ್ ಒಂದೂ ಉಳಿದಿಲ್ಲ, ಒದ್ದು ಮೂರು ಪಾಯಿಂಟ್ ತಗೊಂಡು ಸಮ ಮಾಡೋದು ಬಿಟ್ಟು ಸ್ಟಾರ್ ತಾನೇ ಚೆಂಡು ಹಿಡ್ಕೊಂಡು ನುಗ್ಗಿದ. 21-17.

ಇನ್ನೊಂದು ವಿಷಯ, ಶೇರಿನ ಕಥೆ ಹೇಳೋರು ಇದನ್ನ ಬಿಟ್ಟುಬಿಡ್ತಾರೆ. 1961ರಲ್ಲಿ ಲೀಗ್ ಕಮಿಷನರ್ ಪೀಟ್ ರೊಜೆಲ್ ಎಲ್ಲ ಮಾಲೀಕರನ್ನ ಒಪ್ಪಿಸಿ ಟಿವಿ ದುಡ್ಡನ್ನ ಒಟ್ಟಿಗೆ ಹಾಕಿ ಸಮಪಾಲು ಮಾಡಿದ್ರು. ನ್ಯೂಯಾರ್ಕ್, ಶಿಕಾಗೋದವರು ತಮ್ಮ ಪಾಡಿಗೆ ಬೇರೆ ಮಾರ್ಕೊಂಡಿದ್ರೆ ಎಷ್ಟೋ ಪಟ್ಟು ಬರ್ತಿತ್ತು, ಆದ್ರೂ ಒಪ್ಪಿದ್ರು. ಈ ಪಾಲು ಇವತ್ತು ವರ್ಷಕ್ಕೆ 40 ಕೋಟಿ ಡಾಲರ್ ದಾಟಿದೆ, ಲೆಕ್ಕ ಬಹಿರಂಗ ಮಾಡೋದು ಪ್ಯಾಕರ್ಸ್ ಒಂದೇ ಆದ್ದರಿಂದ ಬೇರೆ ಟೀಮಿಗೆ ಎಷ್ಟು ಹೋಗುತ್ತೆ ಅಂತ ಪೇಪರ್‌ನವರು ತಿಳ್ಕೊಳ್ಳೋದೂ ಇವರ ವರದಿ ನೋಡಿಯೇ. ಆ ಪಾಲು ಇಲ್ದೇ ಹೋಗಿದ್ರೆ ಬರೀ ಶೇರು ಮಾರಿ ಗ್ರೀನ್ ಬೇ ಎಷ್ಟು ದಿನ ಬದುಕ್ತಿತ್ತು?

ಲೊಂಬಾರ್ಡಿ ಹೋದ್ರು, 1970ರಲ್ಲಿ ತೀರ್ಕೊಂಡ್ರು, ಸೂಪರ್ ಬೌಲ್ ಟ್ರೋಫಿಗೆ ಅವರ ಹೆಸರು ಬಂತು, ಟೀಮು ಮಾತ್ರ ಹಳೇ ಚಾಳಿಗೆ ವಾಪಸ್. 1968ರಿಂದ 1991ರವರೆಗೆ 24 ಸೀಸನ್, ಪ್ಲೇಆಫ್ ಕಂಡಿದ್ದು 1972 ಮತ್ತು 1982ರಲ್ಲಿ ಮಾತ್ರ. 1974ರಲ್ಲಿ ಕೋಚ್ ಡ್ಯಾನ್ ಡಿವೈನ್ 34 ವರ್ಷದ ಜಾನ್ ಹ್ಯಾಡಲ್ ಅನ್ನೋ ಕ್ವಾರ್ಟರ್‌ಬ್ಯಾಕ್‌ಗೆ ಐದು ಡ್ರಾಫ್ಟ್ ಪಿಕ್ ಕೊಟ್ಟ. ಡ್ರಾಫ್ಟ್ ಪಿಕ್ ಅಂದ್ರೆ ಹೊಸ ಹುಡುಗರನ್ನ ಆರಿಸ್ಕೊಳ್ಳೋ ಆ ಸರದಿ, ಐದು ಸರದಿ ಕೊಡೋದು ಅಂದ್ರೆ ತೋಟವನ್ನೇ ಕೊಟ್ಟ ಹಾಗೆ. ಸೀಸನ್ ಮುಗಿದ ಕೂಡ್ಲೇ ಡಿವೈನ್ ಜಾಗ ಖಾಲಿ ಮಾಡಿದ, ಮುಂದಿನ ಕೋಚ್‌ಗೆ ಆರಿಸೋಕೆ ಆ ಐದು ಸರದಿ ಇಲ್ಲ. ಆ ಕೋಚ್ ಯಾರು ಗೊತ್ತಾ? ಪಾಪ, ಬಾರ್ಟ್ ಸ್ಟಾರ್. ಆ ದಿನಗಳಲ್ಲಿ ಬೇರೆ ಟೀಮಿನ ಕೋಚ್‌ಗಳು ಮಾತು ಕೇಳದ ಹುಡುಗರಿಗೆ ಗ್ರೀನ್ ಬೇಗೆ ಕಳಿಸ್ತೀನಿ ನೋಡು ಅಂತ ಹೆದರಿಸ್ತಿದ್ರಂತೆ.

ಇದನ್ನ ತಿರುಗಿಸಿದ್ದು ಆಟಗಾರ ಅಲ್ಲ, ಆಫೀಸಿನ ಮನುಷ್ಯ. ಬಾಬ್ ಹಾರ್ಲನ್ 1989ರಲ್ಲಿ ಪ್ರೆಸಿಡೆಂಟ್ ಆದ್ರು, 1991ರ ನವೆಂಬರ್‌ನಲ್ಲಿ ರಾನ್ ವುಲ್ಫ್‌ನ ಜನರಲ್ ಮ್ಯಾನೇಜರ್ ಆಗಿ ಕರೆದು ಫುಟ್‌ಬಾಲ್ ವಿಷಯ ಪೂರ್ತಿ ನಿಮ್ದು, ಕಮಿಟಿ ಕೇಳಲ್ಲ ಅಂದ್ರು. ವುಲ್ಫ್ ಬಂದು ಮೈಕ್ ಹೋಮ್‌ಗ್ರೆನ್‌ನ ಕೋಚ್ ಮಾಡಿದ್ರು, ಅಟ್ಲಾಂಟಾದಲ್ಲಿ ಮೂಲೆಲಿ ಕೂತಿದ್ದ ಬ್ರೆಟ್ ಫಾರ್ವ್ ಅನ್ನೋ ಹುಡುಗನಿಗೆ ಮೊದಲ ರೌಂಡ್ ಪಿಕ್ ಕೊಟ್ಟು ತಂದ್ರು. ಆ ಹುಡುಗ ಅಲ್ಲಿವರೆಗೆ ಲೀಗ್‌ನಲ್ಲಿ ಎಸೆದಿದ್ದು ನಾಲ್ಕೇ ಪಾಸ್, ಒಂದೂ ತನ್ನವರ ಕೈಗೆ ಹೋಗಿಲ್ಲ, ಎರಡು ಎದುರಿನವರ ಕೈಗೆ! ಕಮಿಟಿ ಮುಂದೆ ಈ ಪ್ರಸ್ತಾಪ ಬಂದಿದ್ರೆ ಪಾಸ್ ಆಗ್ತಿತ್ತಾ ಅಂತ ಯೋಚ್ನೆ ಮಾಡಿ. 1993ರಲ್ಲಿ ರೆಗ್ಗಿ ವೈಟ್ ಅಂಥ ದೊಡ್ಡ ಆಟಗಾರ ತಾನಾಗೇ ಗ್ರೀನ್ ಬೇ ಆರಿಸ್ಕೊಂಡು ಬಂದ, 1997ರ ಜನವರಿಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ 35-21ರಲ್ಲಿ ಸೋಲಿಸಿ 29 ವರ್ಷದ ಮೇಲೆ ಸೂಪರ್ ಬೌಲ್.

ಫಾರ್ವ್ ಮುಂದೆ ಮೂರು ಸಲ ಎಂವಿಪಿ (ಲೀಗ್‌ನ ವರ್ಷದ ಆಟಗಾರ), ಗಾಯ ಗೀಯ ಅನ್ನದೇ ವರ್ಷಗಟ್ಟಲೆ ಒಂದೂ ಮ್ಯಾಚ್ ತಪ್ಪಿಸ್ದೆ ಆಡಿದ. 2008ರಲ್ಲಿ ನಿವೃತ್ತಿ ಅಂದ, ಕೆಲವೇ ತಿಂಗಳಿಗೆ ವಾಪಸ್ ಬರ್ತೀನಿ ಅಂದ. ಟೀಮು ಒಪ್ಪದೇ ನ್ಯೂಯಾರ್ಕ್ ಜೆಟ್ಸ್ ಟೀಮಿಗೆ ಕಳಿಸ್ತು, ಯಾಕಂದ್ರೆ 2005ರಲ್ಲಿ ತಂದ ಆರನ್ ರಾಜರ್ಸ್ ಅನ್ನೋ ಕ್ವಾರ್ಟರ್‌ಬ್ಯಾಕ್ ಮೂರು ವರ್ಷದಿಂದ ಬೆಂಚಲ್ಲಿ ಕಾಯ್ತಿದ್ದ. ಊರಿಗೂರೇ ಎರಡು ಪಾರ್ಟಿ ಆಯ್ತು. ರಾಜರ್ಸ್ 2011ರ ಫೆಬ್ರವರಿಲಿ ಸೂಪರ್ ಬೌಲ್ ಗೆದ್ದ, ನಾಲ್ಕು ಎಂವಿಪಿ, ಆದ್ರೆ ಆಮೇಲೆ ನಾಲ್ಕು ಸಲ ಸೆಮಿಫೈನಲ್‌ವರೆಗೆ ಹೋಗಿ ನಾಲ್ಕೂ ಸಲ ಸೋಲು. 2015ರ ಜನವರಿಲಿ ಸಿಯಾಟಲ್‌ನಲ್ಲಿ ಗೆದ್ದ ಮ್ಯಾಚನ್ನ ಕೊನೇ ಐದು ನಿಮಿಷದಲ್ಲಿ ಕೈಯಾರೆ ಕಳ್ಕೊಂಡ್ರು, ಅತ್ತೆ ಮಗನ ಎದುರು ಅದರ ಸುದ್ದಿ ಎತ್ತೋ ಹಾಗಿಲ್ಲ. 2020ರಲ್ಲಿ ರಾಜರ್ಸ್ ತಲೆ ಮೇಲೇ ಜೋರ್ಡನ್ ಲವ್ ಅನ್ನೋ ಹೊಸ ಕ್ವಾರ್ಟರ್‌ಬ್ಯಾಕ್‌ನ ತಂದ್ರು, ಲವ್ ಕೂಡ ಮೂರು ವರ್ಷ ಬೆಂಚು, ರಾಜರ್ಸ್ 2023ರಲ್ಲಿ ಅದೇ ಜೆಟ್ಸ್‌ಗೆ. ಒಬ್ಬನೇ ಮಾಲೀಕ ಇದ್ದಿದ್ರೆ ಸ್ಟಾರ್ ಆಟಗಾರ ಅವನ ಮನೆಗೆ ಹೋಗಿ ಕೂತು ಮಾತಾಡಿ ಉಳ್ಕೊಳ್ತಿದ್ದನೋ ಏನೋ. ಇಲ್ಲಿ ಐದು ಲಕ್ಷ ಮನೆ, ಯಾರ ಮನೆಗೆ ಹೋಗೋದು?

ಇನ್ನು ಈಗಿನ ಸ್ಥಿತಿ. 2018ರಲ್ಲಿ ಆಗಿನ ಪ್ರೆಸಿಡೆಂಟ್ ಮಾರ್ಕ್ ಮರ್ಫಿ ಹಾರ್ಲನ್ ಮಾಡಿದ್ದ ವ್ಯವಸ್ಥೆ ಬದಲಾಯಿಸಿದ್ರು, ಜನರಲ್ ಮ್ಯಾನೇಜರ್ ಕೆಳಗೆ ಇದ್ದ ಕೋಚ್ ಈಗ ನೇರ ಪ್ರೆಸಿಡೆಂಟ್‌ಗೆ ಉತ್ತರ ಕೊಡೋದು. ಮ್ಯಾಚ್ ಏನೋ ಗೆಲ್ತಿದ್ದಾರೆ, 2024ರ ಜನವರಿಲಿ ಲವ್ ಡಲ್ಲಾಸ್‌ಗೇ ಹೋಗಿ 48-32 ಹೊಡೆದ, ಅವತ್ತು ನಮ್ಮನೇಲಿ ಅಡಿಕೆ ಸುಲಿಯೋದು ಪೂರ್ತಿ ಬಂದ್ ಆಗಿತ್ತು. ಸೂಪರ್ ಬೌಲ್ ಮಾತ್ರ 2011ರ ಮೇಲೆ ಬಂದಿಲ್ಲ, ನಂಗೆ ಈ ಹೊಸ ವ್ಯವಸ್ಥೆ ಮೇಲೆ ಡೌಟು. 2025ರ ಜುಲೈಲಿ ಮರ್ಫಿ ನಿವೃತ್ತಿ ಆಗಿ ಎಡ್ ಪಾಲಿಸಿ ಬಂದಿದ್ದಾರೆ. ಅವರು ಬಂದ ಮುಂದಿನ ತಿಂಗಳೇ ಮೈಕಾ ಪಾರ್ಸನ್ಸ್ ಅನ್ನೋ ಡಿಫೆನ್ಸ್ ಆಟಗಾರನ್ನ ಡಲ್ಲಾಸ್‌ನಿಂದ ತಂದ್ರು, ಎರಡು ಮೊದಲ ರೌಂಡ್ ಪಿಕ್ ಜೊತೆಗೆ ತಮ್ಮ ಆಟಗಾರ ಕೆನ್ನಿ ಕ್ಲಾರ್ಕ್‌ನ ಕೊಟ್ಟು. ಬೆಲೆ ಕೇಳಿದ ಕೂಡ್ಲೇ ನಂಗೆ ನೆನಪಾಗಿದ್ದು ಹ್ಯಾಡಲ್, ಆದ್ರೆ ಹ್ಯಾಡಲ್‌ಗೆ ಆಗ 34, ಪಾರ್ಸನ್ಸ್‌ಗೆ 26. ನಾನಾಗಿದ್ರೂ ಕೊಡ್ತಿದ್ದೆ.