ತಾತನ ಕತ್ತಿಗೆ ನಾನೇ ಸಾಣೆ ಹಿಡಿಯಲಾ?

ಜೂನ್ 8, ಭಾನುವಾರ

ಹನುಮಂತನಗರದ ಮನೆಯ ಅಟ್ಟ ಕ್ಲೀನ್ ಮಾಡುವಾಗ ತಾತನ ಟ್ರಂಕಿನಲ್ಲಿ ಕ್ಷೌರದ ಕತ್ತಿ ಸಿಕ್ಕಿತು. ಮಡಚುವ ಕತ್ತಿ, ಕಪ್ಪು ಹಿಡಿ. ಬುಡದಲ್ಲಿ ಸೋಲಿಂಗೆನ್ ಅಂತ ಅಚ್ಚು. ಕತ್ತಿ, ಚಾಕುಗಳಿಗೆ ನೂರಾರು ವರ್ಷಗಳಿಂದ ಹೆಸರಾದ ಜರ್ಮನಿಯ ಊರು ಅದು. ಅಮ್ಮ ಕೈಗೆ ತಗೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಿತ್ತಲ ಬಾಗಿಲ ಹತ್ರ ಕೂತು ತಾವೇ ಶೇವ್ ಮಾಡ್ಕೋತಿದ್ರು. ಕಿಟಕಿ ಕಂಬಿಗೆ ಒಂದು ಚರ್ಮದ ಪಟ್ಟಿ ನೇತಾಡ್ತಿತ್ತು" ಅಂದರು.

ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸ್ ನನ್ನ ಹತ್ತಿರ ಇದೆ. ಅದರಲ್ಲಿ ನೋಡಿದೆ. ಬಿರುಕಿಲ್ಲ. ಅಂಚು ಎಲ್ಲೂ ಮುಕ್ಕಾಗಿಲ್ಲ. ಬೆನ್ನಿನ ಹತ್ತಿರ ಎರಡು ಕಡೆ ತುಕ್ಕಿನ ಚುಕ್ಕೆ, ಅಷ್ಟೇ. ಆದರೆ ಪೂರ್ತಿ ಮೊಂಡು. ಮುಂಗೈ ಕೂದಲೂ ಕತ್ತರಿಸಲಿಲ್ಲ.

ಇದರಿಂದಲೇ ಶೇವ್ ಮಾಡಿಕೊಳ್ಳಬೇಕು ಅನ್ನೋ ಆಸೆ ಆಗಲೇ ಹುಟ್ಟಿತು. ಹರಿತ ಮಾಡೋರು ಯಾರು ಅನ್ನೋದೇ ಪ್ರಶ್ನೆ. ನಾನು ಇದುವರೆಗೆ ಮಸೆದಿರುವುದು ತರಕಾರಿ ಚಾಕು ಮಾತ್ರ.

ಜೂನ್ 11

ಸೈಕಲ್ ಮೇಲೆ ಸಾಣೆ ಹಿಡಿಯುವವರು ಬೆಳಿಗ್ಗೆ ನಮ್ಮ ಬೀದಿಗೆ ಬಂದಿದ್ದರು. ಕತ್ತಿ ತಗೊಂಡು ಗೇಟಿನವರೆಗೆ ಹೋದೆ. ಪಕ್ಕದ ಮನೆಯವರ ಮಚ್ಚು ಚಕ್ರಕ್ಕೆ ತಾಗಿ ಕಿಡಿ ಹಾರುತ್ತಿತ್ತು. ಅದನ್ನು ನೋಡಿ ವಾಪಸ್ ಬಂದೆ.

ಮಚ್ಚಿಗೆ ಆ ಚಕ್ರ ಸರಿಯಾಗಿಯೇ ಇದೆ. ಕ್ಷೌರದ ಕತ್ತಿಯ ಮೈಕಟ್ಟೇ ಬೇರೆ. ಎರಡೂ ಬದಿ ಒಳಗೆ ತಗ್ಗಾಗಿ ಕೊರೆದಿರುವುದರಿಂದ ಅಂಚಿನ ಹತ್ತಿರ ಉಕ್ಕು ಕಾಗದದಷ್ಟು ತೆಳು. ಚಕ್ರದ ಶಾಖಕ್ಕೆ ಆ ತೆಳು ಜಾಗ ಕ್ಷಣದಲ್ಲಿ ಕಾಯುತ್ತದೆ. ಇಂಥ ಉಕ್ಕು ಸುಮಾರು 200 ಡಿಗ್ರಿ ದಾಟಿದರೆ ಗಟ್ಟಿತನ ಕಳೆದುಕೊಳ್ಳಲು ಶುರು ಮಾಡುತ್ತದೆ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಇನ್ನೊಂದು ವಿಷಯ, ಈ ಕತ್ತಿಯ ಕೋನವನ್ನು ಅದರ ಬೆನ್ನೇ ತೀರ್ಮಾನಿಸುತ್ತದೆ. ಬೆನ್ನು, ಅಂಚು ಎರಡನ್ನೂ ಒಟ್ಟಿಗೆ ಕಲ್ಲಿನ ಮೇಲೆ ಮಲಗಿಸಬೇಕು. ತಾತನ ಕತ್ತಿಯ ಬೆನ್ನು ನಾಲ್ಕೂವರೆ ಮಿಲಿಮೀಟರ್ ದಪ್ಪ, ಅಲಗು 16 ಮಿಲಿಮೀಟರ್ ಅಗಲ. ಲೆಕ್ಕ ಹಾಕಿದರೆ ಕೋನ ಸುಮಾರು 16 ಡಿಗ್ರಿ ಬರುತ್ತದೆ. ಮಾಡಿದವರು ಅದನ್ನು ಕತ್ತಿಯೊಳಗೇ ಇಟ್ಟು ಕಳಿಸಿದ್ದಾರೆ. ಚಕ್ರಕ್ಕೆ ಹಿಡಿದರೆ ಅದೂ ಹೋಗುತ್ತದೆ.

ಜೂನ್ 14

ನಮ್ಮ ಕಡೆಯ ಒಂದು ಹಳೇ ಸಲೂನಿಗೆ ಹೋದೆ. ಯಜಮಾನರಿಗೆ ಎಪ್ಪತ್ತು ದಾಟಿದೆ. ಈಗ ಅಂಗಡಿ ನೋಡಿಕೊಳ್ಳುವುದು ಮಗ. ಅಲ್ಲೂ ಬ್ಲೇಡನ್ನು ಅರ್ಧ ಮುರಿದು ಸಿಕ್ಕಿಸುವ ಕತ್ತಿಯೇ. ಒಬ್ಬೊಬ್ಬರಿಗೂ ಹೊಸ ಬ್ಲೇಡ್. ಒಳ್ಳೆಯದೇ. ರಕ್ತದಿಂದ ಹರಡುವ ಕಾಯಿಲೆಗಳ ಭಯಕ್ಕೆ ಸಲೂನಿನವರು ಹಳೇ ಕತ್ತಿ ಬಿಟ್ಟಿದ್ದು ಸರಿಯಾದ ಕೆಲಸ. ಆದರೆ ಅದರ ಜೊತೆಗೆ ಮಸೆಯುವ ಕೈಗಳೂ ಕಡಿಮೆ ಆಗಿಬಿಟ್ಟವು.

ಯಜಮಾನರು ಕತ್ತಿ ಬಿಚ್ಚಿ ಹೆಬ್ಬೆರಳನ್ನು ಅಂಚಿಗೆ ಅಡ್ಡಡ್ಡ ಸವರಿದರು. "ಒಳ್ಳೇ ಮಾಲು ಕಣಪ್ಪಾ. ಮಸ್ಕೊಡ್ತೀನಿ ಅನ್ನಬಹುದು. ಆದ್ರೆ ಈಗ ಕೈ ನಡುಗುತ್ತೆ" ಅಂದರು.

"ಹಾಗಾದ್ರೆ ನಾನೇ ಕಲೀಲಾ ಯಜಮಾನ್ರೇ?"

"ಕಲಿ. ತಾತನ ಕತ್ತಿ ಮೇಲೆ ಮಾತ್ರ ಕಲೀಬೇಡ."

ಆಮೇಲೆ ಒಂದು ಮಾತು ಕೇಳಿದರು. "ಇಂಥ ಕತ್ತೀಲಿ ಯಾವತ್ತಾದ್ರೂ ಶೇವ್ ಮಾಡ್ಕೊಂಡಿದೀಯಾ?" ಇಲ್ಲ ಅಂದೆ. "ಮತ್ತೆ ಹರಿತ ಆಗಿದೆಯೋ ಇಲ್ವೋ ಅಂತ ಹೆಂಗೆ ಗೊತ್ತಾಗುತ್ತೆ?"

ಮನೆಗೆ ಬರುವ ದಾರಿಯುದ್ದಕ್ಕೂ ಇದೇ ತಲೆಯಲ್ಲಿತ್ತು. ಮಸೆಯುವುದು, ಚರ್ಮದ ಪಟ್ಟಿಗೆ ತೀಡುವುದು, ಶೇವ್ ಮಾಡುವುದು, ಮೂರೂ ನನಗೆ ಹೊಸದು. ಮೂರನ್ನೂ ಒಟ್ಟಿಗೆ ಶುರು ಮಾಡಿ ಕೆನ್ನೆ ಉರಿದರೆ ತಪ್ಪು ಎಲ್ಲಿ ಅಂತ ಹುಡುಕುವುದು? ಕಲ್ಲಿನಲ್ಲೋ, ಪಟ್ಟಿಯಲ್ಲೋ, ನನ್ನ ಕೈಯಲ್ಲೋ? ಮೊದಲು ಗೊತ್ತಿರುವವರು ಮಸೆದ ಅಂಚು ಮುಖಕ್ಕೆ ತಾಗಬೇಕು. ಅದು ನನ್ನ ಅಳತೆಗೋಲು ಆಗುತ್ತದೆ.

ಜೂನ್ 22, ಭಾನುವಾರ

ಬೆಳಗಿನ ರೈಲಿಗೆ ಮೈಸೂರು. ಗೆಳೆಯನ ಚಿಕ್ಕಪ್ಪ ಹತ್ತು ವರ್ಷದಿಂದ ತಮ್ಮ ಕತ್ತಿಗಳನ್ನು ತಾವೇ ಮಸೆಯುತ್ತಾರೆ. ತಾತನ ಕತ್ತಿಯನ್ನು ಅವರು ಮಸೆಯುವುದನ್ನು ಒಂದೂವರೆ ಗಂಟೆ ಪಕ್ಕದಲ್ಲೇ ಕೂತು ನೋಡಿದೆ. ಅವರು ಕಲ್ಲಿನ ಮೇಲೆ ಒತ್ತುವುದೇ ಇಲ್ಲ. ಕೊನೆಕೊನೆಗೆ ಕತ್ತಿಯ ಭಾರ ಮಾತ್ರ. ಕಲ್ಲಿನ ತುದಿಗೆ ಬಂದಾಗ ಬೆನ್ನಿನ ಮೇಲೆ ಹೊರಳಿಸಿ ತಿರುಗಿಸುತ್ತಾರೆ, ಅಂಚು ಕಲ್ಲಿಗೆ ಚುಚ್ಚುವುದೇ ಇಲ್ಲ. ಹೊರಡುವಾಗ ಹಳೆಯ ಪಟ್ಟಿ ಒಂದನ್ನು ಕೊಟ್ಟರು, ಒಂದು ಬದಿ ಬಟ್ಟೆ, ಇನ್ನೊಂದು ಬದಿ ಚರ್ಮ.

ಜೂನ್ 23

ತಾತನ ಕತ್ತಿಯಿಂದ ಮೊದಲ ಶೇವ್. ಬರೀ ಎರಡು ಕೆನ್ನೆ. ಬಿಸಿನೀರು, ಜಾಸ್ತಿ ನೊರೆ, ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆ. ಎಳೆತವೇ ಇಲ್ಲ. ಸಣ್ಣಗೆ ಕರಕರ ಶಬ್ದ ಮಾತ್ರ. ಹರಿತ ಅಂದರೆ ಇದು ಅಂತ ಈಗ ಗೊತ್ತಾಯಿತು.

ಜೂನ್ 29, ಭಾನುವಾರ

ಕಲಿಯುವುದಕ್ಕೆ ಅಂತಲೇ ಒಂದು ಅಗ್ಗದ ಚೀನೀ ಕತ್ತಿ ತರಿಸಿದೆ. ಜೊತೆಗೆ 1000 ಮತ್ತು 6000 ಗ್ರಿಟ್ ಎರಡು ಮುಖದ ನೀರುಗಲ್ಲು (ನೀರು ಹಾಕಿ ಮಸೆಯುವ ಕಲ್ಲು). ನಂಬರ್ ಜಾಸ್ತಿ ಆದಷ್ಟೂ ಕಲ್ಲು ನುಣುಪು. ಕೊನೆಯ ಹಂತಕ್ಕೆ 1 ಮೈಕ್ರಾನ್, 0.3 ಮೈಕ್ರಾನ್ ಫಿಲ್ಮ್, ಅಂದರೆ ಅಷ್ಟು ಸಣ್ಣ ಉಜ್ಜುಪುಡಿ ಲೇಪಿಸಿದ ಪ್ಲಾಸ್ಟಿಕ್ ಹಾಳೆ. ಫಿಲ್ಮ್ ಅಂಟಿಸಲು ಗಾಜಿನ ಅಂಗಡಿಯಲ್ಲಿ 10 ಮಿಲಿಮೀಟರ್ ದಪ್ಪದ ತುಂಡು ಕತ್ತರಿಸಿ ಕೊಟ್ಟರು.

ಹೊಸ ಕಲ್ಲೂ ಎಷ್ಟೋ ಸಲ ಸಮತಟ್ಟಾಗಿರುವುದಿಲ್ಲ. ಮೇಲೆ ಪೆನ್ಸಿಲಿನಲ್ಲಿ ಚೌಕುಳಿ ಗೆರೆ ಎಳೆದು, ಗಾಜಿನ ಮೇಲೆ ಒದ್ದೆ ಉಜ್ಜುಕಾಗದ ಹಾಸಿ, ಗೆರೆ ಎಲ್ಲ ಅಳಿಯುವವರೆಗೆ ಕಲ್ಲನ್ನು ಉಜ್ಜಿದೆ. ನಡುವೆ ಗೆರೆ ಉಳಿದರೆ ಅಲ್ಲಿ ತಗ್ಗಿದೆ ಅಂತ ಅರ್ಥ.

ಕತ್ತಿಯ ಬೆನ್ನಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿದೆ, ಬೆನ್ನು ಸವೆಯಬಾರದು ಅಂತ. ಇದರಿಂದ ಕೋನ ಹತ್ತಿರ ಹತ್ತಿರ ಒಂದು ಡಿಗ್ರಿ ಏರುತ್ತದೆ. ಹಾಗಾಗಿ ಕೊನೆಯವರೆಗೂ ಟೇಪ್ ಇರಲೇಬೇಕು. ಅಂಚಿಗೆ ಕಪ್ಪು ಮಾರ್ಕರ್ ಬಳಿದು 1000ದ ಮೇಲೆ ಐದು ಸಲ ಎಳೆದೆ. ನಡುವೆ ಬಣ್ಣ ಹೋಗಿತ್ತು. ಬುಡದ ಹತ್ತಿರ ಹಾಗೇ ಇತ್ತು. ಅಂದರೆ ಕತ್ತಿ ಸ್ವಲ್ಪ ತಿರುಚಿಕೊಂಡಿದೆ. ನೇರ ಎಳೆಯುವುದು ಬಿಟ್ಟು, ಬುಡದಿಂದ ಶುರು ಮಾಡಿ ತುದಿಯವರೆಗೆ ಓರೆಯಾಗಿ ಎಳೆಯತೊಡಗಿದೆ. ಬುಡದ ಕಪ್ಪು ಹೋಗಲು ಎರಡು ಗಂಟೆ ಹಿಡಿಯಿತು.

ಜುಲೈ 6, ಭಾನುವಾರ

6000, ಆಮೇಲೆ ಫಿಲ್ಮ್ ಎರಡೂ ಮುಗಿಸಿದೆ. ಪಟ್ಟಿಗೆ ತೀಡುವಾಗ ದಿಕ್ಕು ಉಲ್ಟಾ. ಕಲ್ಲಿನ ಮೇಲೆ ಅಂಚು ಮುಂದೆ, ಪಟ್ಟಿಯ ಮೇಲೆ ಬೆನ್ನು ಮುಂದೆ. ಬಟ್ಟೆಗೆ 25 ಸಲ, ಚರ್ಮಕ್ಕೆ 50 ಸಲ. ತಿರುಗಿಸುವಾಗ ಒಮ್ಮೆ ಬೆನ್ನು ಎತ್ತಿದೆ, ಚರ್ಮಕ್ಕೆ ಸಣ್ಣ ಗೀರು ಬಿತ್ತು. ಅಂಚೂ ಅಲ್ಲಿ ಮಡಚಿರುತ್ತದೆ ಅಂತ 0.3ರ ಮೇಲೆ ಇನ್ನೊಮ್ಮೆ ಎಳೆದೆ.

ಶೇವ್: ಕೆನ್ನೆ ಪರವಾಗಿಲ್ಲ. ಗದ್ದದ ಹತ್ತಿರ ಕಿತ್ತ ಹಾಗೆ ಎಳೆಯಿತು. ಕಣ್ಣಲ್ಲಿ ನೀರು ಬಂತು.

ಎರಡು ವಾರದ ಹಿಂದಿನ ಶೇವ್ ನೆನಪಿರದಿದ್ದರೆ ಈ ಕತ್ತಿಗಳೆಲ್ಲ ಹೀಗೇ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ಈಗ ತಪ್ಪು ಅಂಚಿನಲ್ಲಿದೆ ಅಂತ ಖಚಿತ. ದೀಪದ ಕೆಳಗೆ ಅಂಚನ್ನು ಮೇಲ್ಮುಖವಾಗಿ ಹಿಡಿದು ಲೆನ್ಸಿನಲ್ಲಿ ನೇರ ನೋಡಿದೆ. ನಿಜವಾಗಿ ಹರಿತವಾದ ಅಂಚಿಗೆ ಬೆಳಕನ್ನು ಮರಳಿಸುವಷ್ಟು ಅಗಲವೇ ಇರುವುದಿಲ್ಲ. ಇಲ್ಲಿ ಬುಡದ ಕಡೆ ಮೂರು ಕಡೆ ಬೆಳಕು ಮಿಣುಕಿತು. ಎರಡು ಬದಿಯ ಇಳಿಜಾರು ಅಲ್ಲಿ ಇನ್ನೂ ಕೂಡಿಲ್ಲ. ಅದು 1000ದ ಕಲ್ಲಿನ ಕೆಲಸ. ಅಲ್ಲಿ ಬಾಕಿ ಉಳಿಸಿದ್ದನ್ನು ನುಣುಪು ಕಲ್ಲು ತೀರಿಸುವುದಿಲ್ಲ, ಹೊಳಪು ಕೊಡುತ್ತದೆ ಅಷ್ಟೇ.

ಜುಲೈ 13, ಭಾನುವಾರ

ಮತ್ತೆ 1000ದಿಂದ ಶುರು. ಈ ಸಲ ಅವಸರ ಮಾಡಲಿಲ್ಲ. ಇಡೀ ಅಂಚು ಮುಂಗೈ ಕೂದಲನ್ನು ಒಂದೇ ಸಮ ಕತ್ತರಿಸುವವರೆಗೆ 6000 ಮುಟ್ಟಲಿಲ್ಲ. ಸಂಜೆ ಪೂರ್ತಿ ಮುಖ ಶೇವ್ ಮಾಡಿದೆ. ಗದ್ದವೂ ಆಯಿತು. ತಾತನ ಕತ್ತಿಯಷ್ಟು ಮೃದು ಅಲ್ಲ, ಆದರೆ ಎಲ್ಲೂ ಕೀಳಲಿಲ್ಲ. ತುಂಬಾ ಖುಷಿಯಾಯಿತು.

ತಾತನ ಕತ್ತಿಯ ವಿಷಯ ಇವತ್ತು ತೀರ್ಮಾನ ಮಾಡಿದೆ. ಅದನ್ನು ನಾನು 1000ದ ಕಲ್ಲಿಗೆ ಇಡುವುದಿಲ್ಲ. ಅದರ ಅಗತ್ಯವೂ ಇಲ್ಲ. ಇಳಿಜಾರು ಒಮ್ಮೆ ಸರಿಯಾಗಿ ಕೂಡಿದರೆ ದಿನವೂ ಪಟ್ಟಿಗೆ ತೀಡಿದರೆ ಸಾಕು. ಕೆಲವು ತಿಂಗಳ ಮೇಲೆ ಎಳೆತ ಶುರುವಾದಾಗ 0.3ರ ಮೇಲೆ ಹತ್ತು ಸಲ. ಅಷ್ಟು ಹೊತ್ತಿಗೆ ಆ ಹತ್ತು ಎಳೆತಕ್ಕೆ ನನ್ನ ಕೈ ತಯಾರಾಗಿರುತ್ತದೆ ಅಂತ ನಂಬಿಕೆ ಇದೆ. ಮೈಸೂರಿನವರೂ ಕೊನೆಯಲ್ಲಿ ಒಂದು ಸುತ್ತು ಟೇಪ್ ಹಾಕಿಯೇ ಮುಗಿಸಿದ್ದರು, ನಾನೂ ಹಾಗೇ ಮಾಡಬೇಕು. ಇಲ್ಲದಿದ್ದರೆ ಅಂಚು ಫಿಲ್ಮಿಗೆ ತಾಗುವುದೇ ಇಲ್ಲ.

ಈ ಮಳೆಗಾಲದಲ್ಲಿ ಬಾತ್‌ರೂಮಿನಲ್ಲಿ ಇಡುತ್ತಿಲ್ಲ. ಒರೆಸಿ, ಹೊಲಿಗೆ ಮೆಷಿನ್ ಎಣ್ಣೆ ಒಂದು ತೊಟ್ಟು ಸವರಿ, ಬೀರುವಿನಲ್ಲಿ. ಅಮ್ಮ ಕೊಬ್ಬರಿ ಎಣ್ಣೆ ಸಾಕು ಅಂದರು. ಅದು ದಿನ ಕಳೆದಂತೆ ಅಂಟಾಗುತ್ತದೆ, ಬೆಂಗಳೂರಿನ ಡಿಸೆಂಬರಿನಲ್ಲಿ ಗಟ್ಟಿಯೂ ಆಗುತ್ತದೆ, ಅದಕ್ಕೇ ಬೇಡ ಅಂದೆ.

ಜುಲೈ 15

ಚೀನೀ ಕತ್ತಿ ತಗೊಂಡು ಸಲೂನಿಗೆ ಹೋದೆ. ಯಜಮಾನರು ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಮುಂಗೈ ಮೇಲೆ ಒಮ್ಮೆ ಎಳೆದರು. ಬೆಳ್ಳಗಿನ ಕೂದಲು ಉದುರಿತು.

"ತುದಿ ಚೆನ್ನಾಗಿದೆ. ನಡುವೆನೂ ಚೆನ್ನಾಗಿದೆ." ಬುಡದ ಹತ್ತಿರ ಇನ್ನೊಮ್ಮೆ ಎಳೆದು ನೋಡಿದರು. "ಇಲ್ಲಿ ಇನ್ನೂ ಸ್ವಲ್ಪ ಬೇಕು ಕಣಪ್ಪಾ. ಮುಂದಿನ ಸಲ ಕಲ್ಲೂ ತಗೊಂಡ್ ಬಾ. ಮಧ್ಯಾಹ್ನ ಗಿರಾಕಿ ಇರಲ್ಲ."

ಶನಿವಾರ ಎರಡು ಗಂಟೆಗೆ ಹೋಗುತ್ತಿದ್ದೇನೆ.