ಎಂಜಿನಿಯರ್ಸ್ ಡೇ, ಉಣಕಲ್ ಕೆರಿ ದಂಡಿ

ಇವತ್ತ ಸೆಪ್ಟೆಂಬರ್ 15, ಎಲ್ಲಾರ ಸ್ಟೇಟಸ್‌ನ್ಯಾಗೂ ವಿಶ್ವೇಶ್ವರಯ್ಯನವರ ಪೇಟಾ ಹಾಕ್ಕೊಂಡ ಫೋಟೋ. ಮುಂಜಾನೆ ಉಣಕಲ್ ಕೆರಿ ದಂಡಿಗೆ ವಾಕಿಂಗ್ ಹೋದಾಗ ನನಗೂ ಅವರದ ನೆನಪ. ಕೆಆರ್‌ಎಸ್ ಎಲ್ಲಾರಿಗೂ ಗೊತ್ತು, ಆದ್ರ ನಮ್ಮ ಹುಬ್ಬಳ್ಳಿ-ಧಾರವಾಡ ಆವಾಗ ಇದ್ದದ್ದು ಮುಂಬೈ ಪ್ರಾಂತ್ಯದಾಗ, ಅವರು 1884ರಾಗ ನೌಕರಿಗೆ ಸೇರಿದ್ದೂ ಅದೇ ಪ್ರಾಂತ್ಯದ ಪಿಡಬ್ಲ್ಯೂಡಿಗೆ. ಪುಣೆ ಹತ್ರ ಖಡಕವಾಸ್ಲಾ ಡ್ಯಾಂಗೆ 1903ರಾಗ ಅವರ ಆಟೋಮ್ಯಾಟಿಕ್ ಗೇಟ್ ಕೂರಿಸಿದ್ರು, ಗ್ವಾಡಿ ಎತ್ತರ ಮಾಡ್ಲಾರ್ದನ ಜಾಸ್ತಿ ನೀರ ನಿಲ್ತೈತಿ, ಮಟ್ಟ ಮೀರಿದ್ರ ಗೇಟ್ ತಾನ ತೆರೀತೈತಿ, ಇಳಿದ್ರ ತಾನ ಮುಚ್ಚತೈತಿ, ಎಂಥಾ ತಲಿ ನೋಡ್ರಿ! ಎಂಟ ದಿನಕ್ಕೊಮ್ಮೆ ನಳ ಬರೋ ಓಣ್ಯಾಗ ಬೆಳದಾಂವ ನಾ, ಒಂದ ಕೊಡ ನೀರಿನ ಬೆಲಿ ಗೊತ್ತೈತಿ. ಸಂಜಿಕ್ಕ ಮಗಳಿಗೆ ಆ ಗೇಟಿನ ಚಿತ್ರಾ ತಗದ ತೋರಿಸ್ಬೇಕು.