ಸಿಕ್ಕ ತೀರ್ಪು, ನಿಂತ ತೀರ್ಪು

"ಈಗ ತೀರ್ಪೆಲ್ಲಾ ಮೊಬೈಲಿನಲ್ಲೇ ಸಿಗುತ್ತಲ್ಲ, ಲಾ ಲೈಬ್ರೇರಿಗೆ ಲೈಬ್ರೇರಿಯನ್ ಯಾಕೆ?" ಅನ್ನುವ ಮಾತು ಮುಂಬಯಿಯ ಫೋರ್ಟ್‌ನಲ್ಲಿ ನಮ್ಮ ಕನ್ನಡದ ಜೂನಿಯರ್ ವಕೀಲರ ಬಾಯಲ್ಲೂ ಕೇಳಿಸುತ್ತದೆ. ಸಿಗುವುದು ನಿಜ. ಸಿಕ್ಕಿದ್ದು ಇವತ್ತಿಗೂ ಊರ್ಜಿತವೇ ಎಂದು ನೋಡುವುದೇ ಈಗ ಗ್ರಂಥಪಾಲಕರ ದೊಡ್ಡ ಕೆಲಸ.

ಒಂದೇ ತೀರ್ಪು ಬೇರೆ ಬೇರೆ ವರದಿ ಸಂಪುಟಗಳಲ್ಲಿ ಅಚ್ಚಾಗುತ್ತದೆ: ಸುಪ್ರೀಂ ಕೋರ್ಟಿನ ಕೇಶವಾನಂದ ಭಾರತಿ ತೀರ್ಪು ಎಐಆರ್ 1973 ಎಸ್‌ಸಿ 1461 ಅಂದರೂ ಅದೇ, (1973) 4 ಎಸ್‌ಸಿಸಿ 225 ಅಂದರೂ ಅದೇ. ಆದರೆ ಪ್ಯಾರಾ ಸಂಖ್ಯೆ ಎರಡರಲ್ಲೂ ಒಂದೇ ಇರಬೇಕೆಂದಿಲ್ಲ. ಒಂದರ ಪ್ಯಾರಾವನ್ನು ಇನ್ನೊಂದರ ಸೈಟೇಶನ್ (ವರ್ಷ, ಸಂಪುಟ, ಪುಟದ ಉಲ್ಲೇಖ) ಜೊತೆ ಅಂಟಿಸಿದಿರೋ, ಜಡ್ಜ್ ಮುಂದೆ ಪುಟ ತಿರುಗಿಸುತ್ತ ನಿಲ್ಲಬೇಕು. ಬಾಂಬೆ ಹೈಕೋರ್ಟಿನ ನ್ಯೂಟ್ರಲ್ ಸೈಟೇಶನ್‌ನಲ್ಲಿ (ತೀರ್ಪಿಗೆ ಕೋರ್ಟೇ ಕೊಡುವ ಗುರುತು ಸಂಖ್ಯೆ) ‘ಬಿಎಚ್‌ಸಿ-ಎಎಸ್’ ಇದ್ದರೆ ಅಪೆಲೆಟ್ ಸೈಡ್ (ಮೇಲ್ಮನವಿ ವಿಭಾಗ), ‘ಓಎಸ್’ ಇದ್ದರೆ ಒರಿಜಿನಲ್ ಸೈಡ್ (ಹೈಕೋರ್ಟಿಗೇ ನೇರ ಬರುವ ದಾವೆಗಳ ವಿಭಾಗ). ಅಕ್ಷರ ತಪ್ಪಿದರೆ ಬೇರೆಯದೇ ತೀರ್ಪು.

ಎಐ ಕೊಟ್ಟ ಸೈಟೇಶನ್ನಾದರೆ ಇನ್ನೂ ಜಾಗ್ರತೆ. ಕೇಸ್ ನಂಬರು, ತಾರೀಕು ಹಿಡಿದು ಕೋರ್ಟಿನ ವೆಬ್‌ಸೈಟಿನಿಂದಲೇ ಪಿಡಿಎಫ್ ಇಳಿಸಿ, ಹೆಡ್‌ನೋಟ್ (ಮೇಲಿನ ಸಾರಾಂಶ) ಬಿಟ್ಟು ತೀರ್ಪನ್ನೇ ಓದಿ, ಆಮೇಲೆ ಮೇಲ್ಮನವಿಯಲ್ಲಿ ಬಿದ್ದುಹೋಗಿದೆಯೇ ನೋಡಬೇಕು. ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕೆ 2023ರಲ್ಲಿ ನ್ಯೂಯಾರ್ಕಿನ ವಕೀಲರಿಗೆ 5,000 ಡಾಲರ್ ದಂಡ ಬಿತ್ತು.

ಹಾಗಂತ ಹಳೇ ಕಾನೂನು ಪುಸ್ತಕ ರದ್ದಿಗೆ ಹಾಕುವ ಅವಸರ ಬೇಡ. 2024ರ ಜುಲೈ 1ಕ್ಕಿಂತ ಮೊದಲಿನ ಅಪರಾಧಕ್ಕೆ ಈಗಲೂ ಹಳೇ ದಂಡ ಸಂಹಿತೆ ಐಪಿಸಿಯೇ. ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ನಲ್ಲಿ (ಭಾರತೀಯ ನ್ಯಾಯ ಸಂಹಿತೆ) ಐಪಿಸಿಯ ವಂಚನೆ ಕಲಂ 420 ಹುಡುಕಬೇಡಿ, ಅದು ಮುಗಿಯುವುದೇ 358ಕ್ಕೆ; ವಂಚನೆ 318ರಲ್ಲಿದೆ. ಬಯ್ಗುಳದ ‘ಫೋರ್ ಟ್ವೆಂಟಿ’ ಮಾತ್ರ ಯಾವ ತಿದ್ದುಪಡಿಗೂ ಬಗ್ಗಿಲ್ಲ.